ಮುಂದೆ ಅಂಗಡಿ, ಹಿಂದೆ ಸ್ಟುಡಿಯೋ: ಸೋಲ್–ಗಾಸ್ಪೆಲ್ ರೆಕಾರ್ಡ್ ಕಂಪನಿಗಳ ಊರುಗಳಲ್ಲಿ

ಗುರುವಾರ, ನ್ಯಾಶ್‌ವಿಲ್

ಅಮೆರಿಕದ ನ್ಯಾಶ್‌ವಿಲ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಂಟ್ರಿ ಸಂಗೀತ. ಬ್ರಾಡ್‌ವೇ ಬೀದಿಯಲ್ಲಿ ಹೆಜ್ಜೆಗೊಂದು ಬಾರ್, ಬಾರಿಗೊಬ್ಬ ಗಿಟಾರಿನವನು. ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಥರ್ಡ್ ಅವೆನ್ಯೂ ನಾರ್ತ್ ಇದೆ. ಸಂಗೀತ ಹುಡುಕಿಕೊಂಡು ಬಂದವರು ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ನಮ್ಮ ಪ್ರವಾಸ ಶುರುವಾಗಿದ್ದು ಆ ಬೀದಿಯಿಂದ.

ಎರ್ನಿ ಯಂಗ್ ಎಂಬಾತನ ರೆಕಾರ್ಡ್ ಅಂಗಡಿ ಇಲ್ಲಿತ್ತು. ಹೆಸರು ಎರ್ನೀಸ್ ರೆಕಾರ್ಡ್ ಮಾರ್ಟ್. ಊರಿನ ಡಬ್ಲ್ಯೂಎಲ್‌ಎಸಿ ರೇಡಿಯೋ 50,000 ವ್ಯಾಟ್‌ನದು. ರಾತ್ರಿಯಾದರೆ ಅದು ದಕ್ಷಿಣದ ರಾಜ್ಯಗಳಲ್ಲೆಲ್ಲ ಕೇಳಿಸುತ್ತಿತ್ತು. ಎರ್ನಿ ಆ ರೇಡಿಯೋದ ರಾತ್ರಿ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದ. ಹತ್ತಿ ಹೊಲದ ಪಕ್ಕದ ಮನೆಯಲ್ಲಿ ಕೂತು ಕೇಳುತ್ತಿದ್ದವರು ಕಾಗದ ಬರೆದರೆ, ಅಂಚೆಯಲ್ಲಿ ರೆಕಾರ್ಡುಗಳ ಕಟ್ಟು ಬರುತ್ತಿತ್ತು. ದುಡ್ಡು ಪೋಸ್ಟ್‌ಮ್ಯಾನ್ ಕೈಗೆ. ಬೇರೆಯವರ ಹಾಡು ಮಾರಿ ಮಾರಿ ಜನಕ್ಕೆ ಏನು ಬೇಕು ಅಂತ ಗೊತ್ತಾದ ಮೇಲೆ ಆತ ತನ್ನದೇ ಕಂಪನಿ ತೆರೆದ. 1951ರಲ್ಲಿ ಗಾಸ್ಪೆಲ್ ಹಾಡುಗಳಿಗೆ ನ್ಯಾಶ್‌ಬೊರೊ, ಮರುವರ್ಷ ಬ್ಲೂಸ್ ಮತ್ತಿತರ ಹಾಡುಗಳಿಗೆ ಎಕ್ಸೆಲ್ಲೋ. ಅಂಚೆ ಕಟ್ಟಿನಲ್ಲಿ ಜನಪ್ರಿಯ ಹಾಡುಗಳ ನಡುವೆ ತನ್ನ ಕಂಪನಿಯದ್ದನ್ನೂ ಸೇರಿಸಿ ಕಳಿಸುತ್ತಿದ್ದ. ಜಾಣ ವ್ಯಾಪಾರಿ.

ಗಾಸ್ಪೆಲ್ ಅಂದರೆ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿ ಸಂಗೀತ. ಅದೇ ದನಿ, ಅದೇ ತಾಳ, ಅದೇ ಕೂಗು ಇಟ್ಟುಕೊಂಡು ದೇವರ ಜಾಗಕ್ಕೆ ಪ್ರೇಮಿಯನ್ನು ತಂದರೆ ಹೆಚ್ಚುಕಡಿಮೆ ಸೋಲ್ ಆಯಿತು. ಚರ್ಚಿನ ಹಿರಿಯರಿಗೆ ಇದರ ಬಗ್ಗೆ ಸಿಟ್ಟಿತ್ತು. ಕಂಪನಿಯವರಿಗೆ ಇರಲಿಲ್ಲ, ಎರಡನ್ನೂ ಮಾರುತ್ತಿದ್ದರು.

ಜತೆಗೆ ಬಂದವನು ನನ್ನ ಭಾವಮೈದ. ದಾವಣಗೆರೆಯವನು, ಈಗ ಡಲ್ಲಾಸಿನಲ್ಲಿದ್ದಾನೆ. ಕಂಪನಿಗಳ ಕರಾರು ಪತ್ರ ಓದಿ ತಪ್ಪು ಹುಡುಕುವುದು ಅವನ ಹೊಟ್ಟೆಪಾಡು. ಸಂಗೀತದ ಗಂಧ ಕಡಿಮೆ. ನಾನು ಇಷ್ಟೆಲ್ಲ ಹೇಳಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಹಾಡಿದವರ ಟೇಪು ಯಾರ ಹೆಸರಲ್ಲಿತ್ತು?" ಮೂಲ ಧ್ವನಿಮುದ್ರಣದ ಒಡೆತನ ಯಾರದು ಅಂತ ಅರ್ಥ. ಆಗ ನಕ್ಕುಬಿಟ್ಟೆ. ಆಮೇಲೆ ಊರೂರಲ್ಲೂ ಅದೇ ಪ್ರಶ್ನೆ ಎದುರಾಯಿತು.

ಶುಕ್ರವಾರ, ಮಸಲ್ ಶೋಲ್ಸ್

ನ್ಯಾಚೆಜ್ ಟ್ರೇಸ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟೆವು. ಇಡೀ ದಾರಿಯಲ್ಲಿ ಲಾರಿ ಇಲ್ಲ, ಜಾಹೀರಾತು ಬೋರ್ಡಿಲ್ಲ, ಬರೀ ಮರ. ಅಲಬಾಮಾದ ಗಡಿ ದಾಟಿ ಟೆನೆಸ್ಸಿ ನದಿ ಸಿಗುವಲ್ಲಿ ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯಾ, ಮಸಲ್ ಶೋಲ್ಸ್ ಎಂಬ ನಾಲ್ಕು ಊರು ಒಂದಕ್ಕೊಂದು ಅಂಟಿಕೊಂಡಿವೆ. ಇಂಥ ಜಾಗದಿಂದ ಅಷ್ಟೊಂದು ಹಾಡು ಹೇಗೆ ಬಂತು ಅಂತ ನೋಡಿದವರಿಗೆಲ್ಲ ಅನ್ನಿಸುತ್ತದೆ.

ಫೇಮ್ ಸ್ಟುಡಿಯೋ ಈಸ್ಟ್ ಅವಲಾನ್ ರಸ್ತೆಯಲ್ಲಿದೆ. 1959ರಲ್ಲಿ ಫ್ಲಾರೆನ್ಸಿನ ಔಷಧಿ ಅಂಗಡಿಯೊಂದರ ಮಹಡಿಯಲ್ಲಿ ಶುರುವಾದ ಕಂಪನಿ ಇದು. ಪಾಲುದಾರರು ಬಿಟ್ಟು ಹೋದ ಮೇಲೆ ರಿಕ್ ಹಾಲ್ ಒಬ್ಬನೇ ಉಳಿದ. ಆರ್ಥರ್ ಅಲೆಕ್ಸಾಂಡರ್ ಎಂಬ ಹೋಟೆಲ್ ಹುಡುಗನಿಂದ ಒಂದು ಹಾಡು ಹಾಡಿಸಿದ, ಅದು ಓಡಿತು. ಬಂದ ದುಡ್ಡಿನಲ್ಲಿ ಈಗಿರುವ ಕಟ್ಟಡ ಕಟ್ಟಿದ. ಒಳಗೆ ಹೋದರೆ ದೊಡ್ಡ ವೈಭವ ಏನಿಲ್ಲ. ತಗ್ಗು ಛಾವಣಿ, ಗೋಡೆಗೆ ಫೋಟೋಗಳು, ಮೂಲೆಯಲ್ಲಿ ಪಿಯಾನೋ. 1967ರ ಜನವರಿಯಲ್ಲಿ ಸೋಲ್ ಗಾಯಕಿ ಅರೀತಾ ಫ್ರಾಂಕ್ಲಿನ್ ಒಂದೇ ದಿನ ಇಲ್ಲಿ ಹಾಡಿದ್ದರು. ಅವತ್ತೇ ದೊಡ್ಡ ಜಗಳವಾಗಿ, ಎರಡನೇ ಹಾಡು ಅರ್ಧಕ್ಕೆ ನಿಂತು, ಅವರು ಹೊರಟುಹೋದರು. ಉಳಿದ ಕೆಲಸಕ್ಕೆ ಇಲ್ಲಿನ ವಾದ್ಯದವರನ್ನೇ ನ್ಯೂಯಾರ್ಕಿಗೆ ಕರೆಸಿಕೊಳ್ಳಬೇಕಾಯಿತು. ವಾದ್ಯದವರೆಲ್ಲ ಬಿಳಿಯ ಹುಡುಗರು ಅನ್ನುವುದು ರೆಕಾರ್ಡ್ ಕೇಳಿದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪಕ್ಕದ ಶೆಫೀಲ್ಡಿನದು ಇನ್ನೊಂದು ಕಥೆ. ಅಲ್ಲಿ ಕ್ವಿನ್ ಐವಿ ಎಂಬ ರೇಡಿಯೋ ಜಾಕಿಗೆ ಒಂದು ರೆಕಾರ್ಡ್ ಅಂಗಡಿ ಇತ್ತು, ನೊರಾಲಾ ಎಂಬ ಸಣ್ಣ ಸ್ಟುಡಿಯೋನೂ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕನಾಗಿದ್ದ ಪರ್ಸಿ ಸ್ಲೆಡ್ಜ್ 1966ರಲ್ಲಿ ಅಲ್ಲಿ ಹಾಡಿದ ಪ್ರೇಮಗೀತೆ ಇಡೀ ದೇಶದಲ್ಲಿ ಒಂದನೇ ಸ್ಥಾನಕ್ಕೇರಿತು. ಆದರೆ ಅದನ್ನು ದೇಶಕ್ಕೆಲ್ಲ ಮಾರಿದ್ದು ನ್ಯೂಯಾರ್ಕಿನ ಅಟ್ಲಾಂಟಿಕ್ ಕಂಪನಿ. ಅಂಗಡಿ, ಸ್ಟುಡಿಯೋ ಎರಡೂ ಇದ್ದರೂ ಸಾಲದು. ಲಾರಿಗೆ ಹೇರಿ ನೂರಾರು ಊರಿಗೆ ಕಳಿಸುವ ತಾಕತ್ತು ಬೇಕು. ಸಣ್ಣ ಕಂಪನಿಗಳು ಸೋತಿದ್ದು ಜಾಸ್ತಿ ಅಲ್ಲೇ.

ಸಂಜೆ 3614 ಜಾಕ್ಸನ್ ಹೈವೇ ನೋಡಿದೆವು. ಫೇಮ್‌ನಲ್ಲಿ ನುಡಿಸುತ್ತಿದ್ದ ನಾಲ್ವರು 1969ರಲ್ಲಿ ರಿಕ್ ಹಾಲ್‌ನನ್ನು ಬಿಟ್ಟು ಬಂದು ತೆರೆದ ಸ್ಟುಡಿಯೋ. ಅದಕ್ಕೂ ಮೊದಲು ಇಲ್ಲಿ ಶವಪೆಟ್ಟಿಗೆ ಮಾರುತ್ತಿದ್ದರಂತೆ. ಎದುರಿಗೇ ಸ್ಮಶಾನ, ವ್ಯಾಪಾರಕ್ಕೆ ಅನುಕೂಲ. ಚರ್ಚುಗಳಲ್ಲಿ ಹಾಡಿ ಬೆಳೆದ ಸ್ಟೇಪಲ್ ಸಿಂಗರ್ಸ್ ಕುಟುಂಬ 1972ರಲ್ಲಿ ಒಂದನೇ ಸ್ಥಾನಕ್ಕೇರಿಸಿದ ಹಾಡಿಗೆ ನುಡಿಸಿದ್ದು ಇವರೇ. ಆ ಹಾಡು ಗಾಸ್ಪೆಲ್ಲೋ ಸೋಲೋ ಅಂತ ಇವತ್ತಿಗೂ ಹೇಳಲಾಗದು.

ಶನಿವಾರ, ಮೆಂಫಿಸ್

ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನದ ಹೊತ್ತಿಗೆ ಮೆಂಫಿಸ್ ಸೇರಿ, ನೇರ ಮಿಸಿಸಿಪಿ ಬೊಲೆವಾರ್ಡ್‌ನ ಫೋರ್ ವೇ ಹೋಟೆಲಿಗೆ ಹೋದೆವು. 1946ರಿಂದ ನಡೆಯುತ್ತಿರುವ ಊಟದ ಹೋಟೆಲು. ಸ್ಟ್ಯಾಕ್ಸ್ ಎಂಬ ಸೋಲ್ ಕಂಪನಿಯ ಕಲಾವಿದರು ಊಟ ಮಾಡುತ್ತಿದ್ದುದು ಇಲ್ಲೇ, ಮಾರ್ಟಿನ್ ಲೂಥರ್ ಕಿಂಗ್ ಕೂಡ ಉಂಡಿದ್ದಾರೆ. ಸಸ್ಯಾಹಾರಿಗಳಿಗೆ ಈ ಕಡೆ ಸ್ವಲ್ಪ ಕಷ್ಟ. ಸೊಪ್ಪಿನ ಪಲ್ಯಕ್ಕೂ ಮಾಂಸದ ತುಂಡು ಹಾಕಿ ಬೇಯಿಸುತ್ತಾರೆ, ಕೇಳಿಯೇ ತಿನ್ನಬೇಕು. ಜೋಳದ ಬ್ರೆಡ್ಡು, ಕರಿದ ಬೆಂಡೆಕಾಯಿ, ಗೆಣಸು ತರಿಸಿಕೊಂಡೆವು. ಬೆಂಡೆಕಾಯಿ ಎರಡನೇ ಸಲ ತರಿಸಿದೆವು.

ಅಲ್ಲಿಂದ ಸ್ವಲ್ಪ ದೂರಕ್ಕೇ ಈಸ್ಟ್ ಮೆಕ್ಲೆಮೋರ್ ರಸ್ತೆ, 926ನೇ ನಂಬರ್. ಸ್ಟ್ಯಾಕ್ಸ್.

ಜಿಮ್ ಸ್ಟೀವರ್ಟ್ ಬ್ಯಾಂಕ್ ಉದ್ಯೋಗಿ, ಸಂಜೆ ಹೊತ್ತು ಪಿಟೀಲು ನುಡಿಸುತ್ತಿದ್ದವನು. 1957ರಲ್ಲಿ ಸ್ಯಾಟಲೈಟ್ ಎಂಬ ಹೆಸರಿನಲ್ಲಿ ಕಂಪನಿ ಶುರು ಮಾಡಿದ. ಒಳ್ಳೆ ರೆಕಾರ್ಡಿಂಗ್ ಯಂತ್ರಕ್ಕೆ ದುಡ್ಡಿರಲಿಲ್ಲ. ಅಕ್ಕ ಎಸ್ಟೆಲ್ ಆಕ್ಸ್‌ಟನ್ ಗಂಡನನ್ನು ಒಪ್ಪಿಸಿ, ಮನೆ ಅಡ ಇಟ್ಟು, ಆಂಪೆಕ್ಸ್ ಯಂತ್ರ ಕೊಡಿಸಿದಳು. 1960ರಲ್ಲಿ ಮುಚ್ಚಿಹೋಗಿದ್ದ ಕ್ಯಾಪಿಟಲ್ ಸಿನಿಮಾ ಥಿಯೇಟರನ್ನು ಬಾಡಿಗೆಗೆ ಹಿಡಿದರು. ಕುರ್ಚಿಗಳನ್ನು ಕಿತ್ತು ಹಾಕಿದರು. ಆದರೆ ಇಳಿಜಾರು ನೆಲವನ್ನು ಸಮ ಮಾಡಿಸಲು ಕಾಸಿಲ್ಲದೆ ಹಾಗೇ ಬಿಟ್ಟರು. ಥಿಯೇಟರಿನ ತಿಂಡಿ ಮಾರುವ ಕೌಂಟರಿನಲ್ಲಿ ಎಸ್ಟೆಲ್ ರೆಕಾರ್ಡ್ ಅಂಗಡಿ ತೆರೆದಳು. ಮುಂದೆ ಅಂಗಡಿ, ಹಿಂದೆ ಸ್ಟುಡಿಯೋ. ಬೀದಿಯ ಹುಡುಗರು ಬಂದು ಯಾವ ಹಾಡು ಕೇಳುತ್ತಾರೆ, ಎಲ್ಲಿ ಕಾಲು ಕುಣಿಸುತ್ತಾರೆ ಅಂತ ನೋಡಿ ಆಕೆ ಒಳಗೆ ಸುದ್ದಿ ಮುಟ್ಟಿಸುತ್ತಿದ್ದಳು. ಹಾಗೆ ಬಂದ ಹುಡುಗರಲ್ಲಿ ಮುಂದೆ ಇಲ್ಲೇ ಆರ್ಗನ್ ನುಡಿಸಿದ ಬೂಕರ್ ಟಿ. ಜೋನ್ಸ್ ಒಬ್ಬ. ಎದುರಿನ ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಮುಂದೆ ಇಲ್ಲಿಗೆ ಹಾಡು ಬರೆದ ಡೇವಿಡ್ ಪೋರ್ಟರ್ ಇನ್ನೊಬ್ಬ. ಕ್ಯಾಲಿಫೋರ್ನಿಯಾದಲ್ಲಿ ಮೊದಲೇ ಒಂದು ಸ್ಯಾಟಲೈಟ್ ಕಂಪನಿ ಇದ್ದದ್ದರಿಂದ 1961ರಲ್ಲಿ ಹೆಸರು ಬದಲಾಯಿತು. ಅಕ್ಕ ತಮ್ಮನ ಅಡ್ಡಹೆಸರುಗಳ ಮೊದಲ ಎರಡೆರಡು ಅಕ್ಷರ ಸೇರಿ ಸ್ಟ್ಯಾಕ್ಸ್.

ಈಗ ನಿಂತಿರುವುದು ಹಳೇ ಕಟ್ಟಡವಲ್ಲ. ಅದನ್ನು 1989ರಲ್ಲಿ ಕೆಡವಿದರು. ಈಗಿನದು ಅದೇ ಜಾಗದಲ್ಲಿ 2003ರಲ್ಲಿ ತೆರೆದ ಮ್ಯೂಸಿಯಂ. ನಕಲು ಕಟ್ಟಡ ಅಂತ ಮೂಗು ಮುರಿಯುತ್ತಾ ಒಳಗೆ ಹೋದೆ. ಮೊದಲ ಕೋಣೆಯಲ್ಲೇ ಬಾಯಿ ಮುಚ್ಚಿಹೋಯಿತು. ಅಲ್ಲಿರುವುದು ಒಂದು ಇಡೀ ಚರ್ಚು! ಮಿಸಿಸಿಪಿಯ ಡಂಕನ್ ಎಂಬ ಊರಿನಲ್ಲಿ 1906ರ ಸುಮಾರಿಗೆ ಕಟ್ಟಿದ್ದ ಹೂಪರ್ಸ್ ಚಾಪೆಲ್. ಹಲಗೆ ಹಲಗೆಯಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಸೋಲ್ ಮ್ಯೂಸಿಯಂ ಶುರುವಾಗಬೇಕಾದ್ದು ಅಲ್ಲಿಂದಲೇ ಅಲ್ವಾ?

ಸ್ಟುಡಿಯೋದ ಕೋಣೆಯಲ್ಲಿ ನೆಲದ ಇಳಿಜಾರನ್ನೂ ಹಾಗೇ ಮಾಡಿದ್ದಾರೆ. ನಡೆಯುವಾಗ ಪಾದಕ್ಕೆ ಗೊತ್ತಾಗುತ್ತದೆ. ಒಂದು ಗೋಡೆ ಇನ್ನೊಂದಕ್ಕೆ ಸರಿಸಮ ಇಲ್ಲ, ನೆಲ ಛಾವಣಿಗೆ ಸಮ ಇಲ್ಲ. ಸದ್ದು ಒಂದೇ ಕಡೆ ಬಡಿದು ಗುಂಯ್‌ಗುಡುವ ಬದಲು ಚದುರುತ್ತದೆ. ಸ್ಟ್ಯಾಕ್ಸ್ ರೆಕಾರ್ಡುಗಳ ಆ ದಪ್ಪ, ತುಸು ಒರಟು ಸದ್ದಿಗೆ ಈ ಕೋಣೆಯೂ ಕಾರಣ ಅನ್ನುತ್ತಾರೆ. ದುಡ್ಡಿಲ್ಲದೆ ಬಿಟ್ಟ ನೆಲ ಅದು.

1962ರಲ್ಲಿ ಇಲ್ಲಿಗೆ ಗಿಟಾರ್ ವಾದಕನೊಬ್ಬನ ಕಾರು ಓಡಿಸಿಕೊಂಡು ಬಂದ ಹುಡುಗನೊಬ್ಬ, ಕೊನೆಯಲ್ಲಿ ಉಳಿದ ಸ್ವಲ್ಪ ಹೊತ್ತಿನಲ್ಲಿ ತಾನೂ ಒಂದು ಹಾಡುತ್ತೇನೆ ಅಂದ. ಅವನೇ ಮುಂದೆ ಇಲ್ಲಿನ ಹೆಸರಾಂತ ಗಾಯಕನಾದ ಓಟಿಸ್ ರೆಡಿಂಗ್. 1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಕೆರೆಯೊಂದಕ್ಕೆ ವಿಮಾನ ಬಿದ್ದು ತೀರಿಕೊಂಡಾಗ ಅವನಿಗೆ 26 ವರ್ಷ. ಜತೆಗೆ ಅವನಿಗೆ ನುಡಿಸುತ್ತಿದ್ದ ಬಾರ್-ಕೇಸ್ ತಂಡದ ಹೆಚ್ಚಿನ ಹುಡುಗರೂ ಹೋದರು. ಅದಾಗಿ ಕೆಲವೇ ತಿಂಗಳಲ್ಲಿ ಸ್ಟ್ಯಾಕ್ಸ್‌ಗೆ ಇನ್ನೊಂದು ಪೆಟ್ಟು ಬಿತ್ತು. ಇಲ್ಲಿ ನನ್ನ ಭಾವಮೈದನ ಕಿವಿ ನೆಟ್ಟಗಾಯಿತು.

ಸ್ಟ್ಯಾಕ್ಸ್ ರೆಕಾರ್ಡುಗಳನ್ನು ದೇಶಕ್ಕೆಲ್ಲ ಹಂಚುತ್ತಿದ್ದದ್ದು ಅಟ್ಲಾಂಟಿಕ್. ಮೊದಲು ಕೈಕುಲುಕಿ ಆದ ಒಪ್ಪಂದ, 1965ರಲ್ಲಿ ಕಾಗದಕ್ಕೆ ಬಂತು. ಜಿಮ್ ಸ್ಟೀವರ್ಟ್ ಪೂರ್ತಿ ಓದದೆ ಸಹಿ ಹಾಕಿದ. 1967ರಲ್ಲಿ ಅಟ್ಲಾಂಟಿಕ್ ಬೇರೆಯವರಿಗೆ ಮಾರಾಟವಾಗಿ, 1968ರಲ್ಲಿ ಒಪ್ಪಂದ ಮುರಿಯುವ ಹೊತ್ತಿಗೆ ಪತ್ರ ತೆಗೆದು ನೋಡಿದರೆ, ಅಟ್ಲಾಂಟಿಕ್ ಹಂಚಿದ ಅಷ್ಟೂ ರೆಕಾರ್ಡಿನ ಒಡೆತನ ಅಟ್ಲಾಂಟಿಕ್‌ದೇ ಅಂತ ಬರೆದಿತ್ತು. ಅಲ್ಲಿವರೆಗಿನ ಹಳೆ ಹಾಡುಗಳೆಲ್ಲ ಒಂದೇ ಏಟಿಗೆ ಕೈಬಿಟ್ಟು ಹೋದವು. "ಎಷ್ಟನೇ ಪುಟ?" ಅಂತ ಭಾವಮೈದ ಕೇಳಿದ. ಗಾಜಿನ ಪೆಟ್ಟಿಗೆಗಳಲ್ಲಿ ಆ ಪತ್ರ ಹುಡುಕಿಕೊಂಡು ಎರಡು ಸುತ್ತು ಹಾಕಿದ, ಸಿಗಲಿಲ್ಲ.

ಅದೇ ವರ್ಷ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ನಡೆದದ್ದು ಇದೇ ಊರಿನ ಲೊರೇನ್ ಮೋಟೆಲಿನಲ್ಲಿ. ಕಪ್ಪು-ಬಿಳಿ ಜನ ಒಟ್ಟಿಗೆ ಕೂರಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಅದೊಂದು. ಸ್ಟ್ಯಾಕ್ಸ್‌ನವರು ಅಲ್ಲೇ ಕೋಣೆ ಹಿಡಿದು ಹಾಡು ಬರೆಯುತ್ತಿದ್ದರು.

ಬರಿಗೈ ಆದ ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು ಅದರ ಆಡಳಿತ ನೋಡುತ್ತಿದ್ದ ಆಲ್ ಬೆಲ್. ಹಳೆ ಸರಕು ಇಲ್ಲದಿದ್ದರೆ ಹೊಸದು ಸುರಿಯೋಣ ಅಂತ 1969ರ ನಡುವಿನಲ್ಲಿ ಒಟ್ಟಿಗೇ 27 ಆಲ್ಬಂ ಬಿಡುಗಡೆ ಮಾಡಿಸಿದ. ಅದರಲ್ಲೊಂದು ಗಾಯಕ ಐಸಾಕ್ ಹೇಯ್ಸ್‌ನದು, ನಾಲ್ಕೇ ಹಾಡಿನ ಆಲ್ಬಂ, ಅದೇ ಎಲ್ಲಕ್ಕಿಂತ ಜಾಸ್ತಿ ಓಡಿತು. ಹೇಯ್ಸ್‌ನ ಚಿನ್ನದ ಲೇಪದ ಕ್ಯಾಡಿಲಾಕ್ ಕಾರು ಮ್ಯೂಸಿಯಂನಲ್ಲಿ ನಿಧಾನಕ್ಕೆ ಸುತ್ತುತ್ತಿರುತ್ತದೆ. ಜನ ಹೆಚ್ಚು ಫೋಟೋ ತೆಗೆಸಿಕೊಳ್ಳುವುದು ಅದರ ಮುಂದೆ. ನನಗೆ ಅದಕ್ಕಿಂತ ಹಿಡಿಸಿದ್ದು 1972ರಲ್ಲಿ ಸ್ಟ್ಯಾಕ್ಸ್ ಶುರು ಮಾಡಿದ ಗಾಸ್ಪೆಲ್ ಟ್ರುತ್ ಎಂಬ ಉಪಕಂಪನಿಯ ಸಂಗತಿ. ಚರ್ಚಿನಿಂದ ಹೊರಟ ಸಂಗೀತ ಮತ್ತೆ ಚರ್ಚಿಗೆ ದಾರಿ ಹುಡುಕಿತ್ತು. ಈ ಸಲ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇತ್ತು.

ಹಂಚಿಕೆಯ ಹೊಸ ಒಪ್ಪಂದವೂ ಕೈಕೊಟ್ಟು, ಬ್ಯಾಂಕ್ ಸಾಲ ಏರಿ, 1975ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಆ ಕಟ್ಟಡವನ್ನು ಬ್ಯಾಂಕು ಮುಂದೆ 10 ಡಾಲರಿಗೆ ಒಂದು ಚರ್ಚಿಗೆ ಕೊಟ್ಟಿತು. ಕೆಡವಿಸಿದ್ದು ಆ ಚರ್ಚಿನವರೇ.

ಭಾನುವಾರ, ಮೆಂಫಿಸ್

ಬೆಳಿಗ್ಗೆ ಹೇಲ್ ರಸ್ತೆಯ ಫುಲ್ ಗಾಸ್ಪೆಲ್ ಟ್ಯಾಬರ್ನಕಲ್. ಆಲ್ ಗ್ರೀನ್ 1976ರಲ್ಲಿ ಸ್ಥಾಪಿಸಿದ ಚರ್ಚು. 1970ರ ದಶಕದಲ್ಲಿ ಹೈ ರೆಕಾರ್ಡ್ಸ್‌ಗಾಗಿ ಪ್ರೇಮಗೀತೆ ಹಾಡಿ ದೇಶವನ್ನೇ ಮರುಳು ಮಾಡಿದ ಗಾಯಕ, ಪಾದ್ರಿಯಾಗಿ ಗಾಸ್ಪೆಲ್ಲಿಗೆ ತಿರುಗಿದರು. ನಾವು ಹೋದ ದಿನ ಅವರು ಬಂದಿರಲಿಲ್ಲ. ಆದರೂ ನಷ್ಟ ಅನ್ನಿಸಲಿಲ್ಲ. ಆರ್ಗನ್ ನುಡಿಸುವವನು ಪಾದ್ರಿಯ ಒಂದೊಂದು ಮಾತಿಗೂ ಹಿಂದಿನಿಂದ ಸಣ್ಣಗೆ ಉತ್ತರ ಕೊಡುತ್ತಾನೆ. ಮಾತು ಏರಿದಂತೆ ಅದೂ ಏರುತ್ತದೆ. ಯಾವಾಗ ಉಪದೇಶ ಮುಗಿದು ಹಾಡು ಶುರುವಾಯಿತೋ ಗೊತ್ತೇ ಆಗಲಿಲ್ಲ. ಹೊರಗಿನವರು ನಾವಿಬ್ಬರೇ ಅಲ್ಲ, ಹಿಂದಿನ ಸಾಲಿನ ತುಂಬ ಪ್ರವಾಸಿಗಳು. ಫೋನ್ ಎತ್ತಿದವರನ್ನು ಒಬ್ಬ ಅಜ್ಜಿ ಕಣ್ಣಲ್ಲೇ ಗದರಿಸಿದರು. ಸರಿಯಾಗಿ ಮಾಡಿದರು.

ಮಧ್ಯಾಹ್ನ ಆ ಹೈ ರೆಕಾರ್ಡ್ಸ್ ಕಂಪನಿಯ ಹಾಡುಗಳು ಹುಟ್ಟಿದ ರಾಯಲ್ ಸ್ಟುಡಿಯೋವನ್ನು ಹೊರಗಿನಿಂದ ನೋಡಿದೆವು. ಇದೂ ಹಳೇ ಸಿನಿಮಾ ಥಿಯೇಟರ್, ಇಲ್ಲೂ ಇಳಿಜಾರು ನೆಲ. ಹೈ ರೆಕಾರ್ಡ್ಸ್ 1957ರಲ್ಲಿ ಹುಟ್ಟಿದ್ದು, ಅದರ ಮಾಲೀಕರಲ್ಲಿ ಒಬ್ಬ ಜೋ ಕುವೋಗಿ. ಅವನಿಗೂ ರೆಕಾರ್ಡ್ ಅಂಗಡಿ ಇತ್ತು, ಪಾಪ್ಲರ್ ಟ್ಯೂನ್ಸ್ ಅಂತ. ಆಲ್ ಗ್ರೀನ್ ದನಿ ಹಿಡಿಯಲು ನಿರ್ಮಾಪಕ ವಿಲ್ಲಿ ಮಿಚೆಲ್ ಬಳಸುತ್ತಿದ್ದ 9ನೇ ನಂಬರಿನ ಮೈಕು ಇನ್ನೂ ಇಲ್ಲೇ ಇದೆ. ವಿಲ್ಲಿ 2010ರಲ್ಲಿ ತೀರಿಕೊಂಡ ಮೇಲೂ ಅವರ ಮನೆಯವರೇ ಸ್ಟುಡಿಯೋ ನಡೆಸುತ್ತಿದ್ದಾರೆ. ಬೀದಿಗೆ ವಿಲ್ಲಿಯ ಹೆಸರೇ ಇಟ್ಟಿದ್ದಾರೆ.

ಮ್ಯೂಸಿಯಂ ಇಲ್ಲದ ಕಂಪನಿಗಳೇ ಜಾಸ್ತಿ. ಹಾರ್ಡ್‌ವೇರ್ ಮಾರುತ್ತಿದ್ದ ಕ್ವಿಂಟನ್ ಕ್ಲಾಂಚ್ ಮತ್ತು ಔಷಧಿ ಅಂಗಡಿಯ ಡಾಕ್ ರಸಲ್ ಸೇರಿ 1964ರಲ್ಲಿ ಕಟ್ಟಿದ ಗೋಲ್ಡ್‌ವ್ಯಾಕ್ಸ್ ಅಂಥದ್ದು. ಒಂದು ಸರಿರಾತ್ರಿ ಕ್ಲಾಂಚ್ ಮನೆಯ ಬಾಗಿಲು ಬಡಿದು, ಓ.ವಿ. ರೈಟ್ ಮತ್ತು ಜೇಮ್ಸ್ ಕಾರ್ ಎಂಬ ಇಬ್ಬರು ಗಾಸ್ಪೆಲ್ ಗಾಯಕರು ತಮ್ಮ ಹಾಡಿನ ಟೇಪು ಕೇಳಿಸಿದರಂತೆ. ರೈಟ್ ಹಾಡಿದ ಮೊದಲ ಸೋಲ್ ರೆಕಾರ್ಡು ಓಡತೊಡಗಿದಾಗ, ಹ್ಯೂಸ್ಟನ್ನಿನ ಪೀಕಾಕ್ ಕಂಪನಿಯ ಡಾನ್ ರೋಬಿ ಎದ್ದು ನಿಂತ. ಗಾಸ್ಪೆಲ್ ತಂಡದಲ್ಲಿದ್ದಾಗ ಹಾಕಿದ ಸಹಿ ಇನ್ನೂ ಊರ್ಜಿತ, ಇವನು ನನ್ನವನು ಅಂದ. ಗೋಲ್ಡ್‌ವ್ಯಾಕ್ಸ್ ಗಾಯಕನನ್ನು ಬಿಟ್ಟುಕೊಡಬೇಕಾಯಿತು.

ಮ್ಯಾಡಿಸನ್ ಅವೆನ್ಯೂನ ಶಾಂಗ್ರಿ-ಲಾ ಅಂಗಡಿಯಲ್ಲಿ ಅಗ್ಗದ ಡಬ್ಬಿ ಕೆದಕುತ್ತಾ ಕೂತೆ. ಕೈಬೆರಳೆಲ್ಲ ಕಪ್ಪು. ಹೆಸರೇ ಕೇಳಿರದ ಒಂದು ಗಾಸ್ಪೆಲ್ ತಂಡದ ಏಳಿಂಚಿನ ರೆಕಾರ್ಡು ಸಿಕ್ಕಿತು. ಒಂದೇ ಬಣ್ಣದ ಲೇಬಲ್, ಮುದ್ರಣ ತುಸು ಓರೆ, ರಂಧ್ರ ನಡುವಿನಿಂದ ಕೂದಲೆಳೆಯಷ್ಟು ಆಚೆ. ಲೇಬಲ್ ಮೇಲೆ ಬಾಲ್‌ಪೆನ್ನಿನಲ್ಲಿ ಯಾರೋ ಬೆಲೆ ಬರೆದು ಹೊಡೆದುಹಾಕಿದ್ದಾರೆ. ಮೆಂಫಿಸಿನಲ್ಲಿ ಸ್ಟೈಲ್ ವೂಟನ್ ಎಂಬಾತ ಡಿಸೈನರ್ ರೆಕಾರ್ಡ್ಸ್ ಅಂತ ನಡೆಸುತ್ತಿದ್ದ. ಗೀತೆ ಹಾಡುವವರೇ ಅವನಿಗೆ ದುಡ್ಡು ಕೊಡಬೇಕು. ಸ್ಟುಡಿಯೋದಲ್ಲಿ ಸ್ವಲ್ಪ ಹೊತ್ತು, ಬೇಗ ಬೇಗ ಎರಡು ಹಾಡು, ಕೊನೆಗೆ ಕೈಗೆ ರೆಕಾರ್ಡುಗಳ ಪೆಟ್ಟಿಗೆ. ನಮ್ಮ ಜಾತ್ರೆಗಳಲ್ಲಿ ಊರಿನ ಭಜನಾ ಮಂಡಳಿ ಕ್ಯಾಸೆಟ್ ಮಾಡಿಸಿ ಮಾರುತ್ತಿದ್ದ ಹಾಗೆ, ತಂಡದವರೇ ಅದನ್ನು ಚರ್ಚಿನ ಬಾಗಿಲಲ್ಲಿ ಮಾರಿಕೊಳ್ಳಬೇಕು.

ಅಂಥ ರೆಕಾರ್ಡುಗಳ ಸದ್ದು ಸರಿಯಿಲ್ಲ ಅಂತ ತಲೆಕೆಡಿಸಿಕೊಂಡವರು ಹುವಾನ್ ಡಿ. ಶಿಪ್ ಎಂಬ ಪಾದ್ರಿ. ರೇಡಿಯೋದಲ್ಲಿ ಗಾಸ್ಪೆಲ್ ಕಾರ್ಯಕ್ರಮವನ್ನೂ ನಡೆಸುತ್ತಿದ್ದರು. 1972ರಲ್ಲಿ ಡಿ-ವೈನ್ ಸ್ಪಿರಿಚುವಲ್ಸ್ ಶುರು ಮಾಡಿ, ಹಾಡುವವರಿಗೆ ಸಮಯ ಕೊಟ್ಟು ಸರಿಯಾಗಿ ಧ್ವನಿಮುದ್ರಿಸಿದರು. ಅವರ ಟೇಪುಗಳು ದಶಕಗಳ ಕಾಲ ಧೂಳು ತಿಂದು, ಆಮೇಲೆ ಬ್ರೂಸ್ ವಾಟ್ಸನ್‌ರ ಬೈಬಲ್ ಆಂಡ್ ಟೈರ್ ಎಂಬ ಮೆಂಫಿಸ್ ಕಂಪನಿಯ ಮೂಲಕ ಮತ್ತೆ ಹೊರಬಂದವು. ಡಿ-ವೈನ್‌ಗೆ ಹಾಡಿದ್ದ ಎಲಿಜಬೆತ್ ಕಿಂಗ್, 15 ಮಕ್ಕಳನ್ನು ಬೆಳೆಸಿ, 2021ರಲ್ಲಿ ಅದೇ ಕಂಪನಿಗೆ ಹೊಸ ಆಲ್ಬಂ ಹಾಡಿದರು. ಟೇಪು ಉಳಿದದ್ದಕ್ಕೆ ಅದೂ ಆಯಿತು.

ಸೋಮವಾರ, ಜಾಕ್ಸನ್

ಹೈವೇ 61ರಲ್ಲಿ ಹೊರಟೆವು. ಎರಡೂ ಕಡೆ ಚಪ್ಪಟೆ ಹೊಲ. ಆ ಮ್ಯೂಸಿಯಂನ ಚರ್ಚು ಇದ್ದ ಡಂಕನ್ ಕ್ಲಾರ್ಕ್ಸ್‌ಡೇಲ್ ದಾಟಿದ ಮೇಲೆ ಸಿಗುತ್ತದೆ. ನಿಧಾನಿಸುವಷ್ಟರಲ್ಲಿ ಊರು ಮುಗಿಯಿತು.

ಮಿಸಿಸಿಪಿಯ ರಾಜಧಾನಿ ಜಾಕ್ಸನ್. ಇಲ್ಲಿನ ಫ್ಯಾರಿಶ್ ಬೀದಿ ಒಂದು ಕಾಲಕ್ಕೆ ಕಪ್ಪು ಜನರ ಪೇಟೆ, ಈಗ ಮುಕ್ಕಾಲು ಭಾಗ ಖಾಲಿ. 309ನೇ ನಂಬರಿನಲ್ಲಿ ವಿಲ್ಲರ್ಡ್ ಮತ್ತು ಲಿಲಿಯನ್ ಮೆಕ್‌ಮರ್ರಿ ಎಂಬ ಬಿಳಿಯ ದಂಪತಿ 1949ರಲ್ಲಿ ಹಾರ್ಡ್‌ವೇರ್ ಅಂಗಡಿಯೊಂದನ್ನು ಕೊಂಡರು. ಗುಜರಿ ಖಾಲಿ ಮಾಡುವಾಗ ರೆಕಾರ್ಡುಗಳ ರಾಶಿ ಸಿಕ್ಕಿತು. ಲಿಲಿಯನ್ ಒಂದನ್ನು ಹಾಕಿ ಕೇಳಿದಳು. ಕಪ್ಪು ಜನರ ಸಂಗೀತ ಅಲ್ಲಿಯವರೆಗೆ ಕೇಳಿದವಳೇ ಅಲ್ಲ. ಮರುವರ್ಷ ಟ್ರಂಪೆಟ್ ರೆಕಾರ್ಡ್ಸ್ ಶುರು. ಮೊದಲು ತಂದದ್ದು ಗಾಸ್ಪೆಲ್ ತಂಡಗಳನ್ನು, ಆಮೇಲೆ ಬ್ಲೂಸ್ ಗಾಯಕರಾದ ಸನ್ನಿ ಬಾಯ್ ವಿಲಿಯಮ್ಸನ್, ಎಲ್ಮೋರ್ ಜೇಮ್ಸ್. 1950ರ ದಶಕದ ಮಿಸಿಸಿಪಿಯಲ್ಲಿ ಬಿಳಿ ಹೆಂಗಸೊಬ್ಬಳು ಕಪ್ಪು ಗಾಯಕರ ಜತೆ ಲೆಕ್ಕ ಸರಿಯಾಗಿ ಇಟ್ಟು ಕೆಲಸ ಮಾಡುವುದು ಸಣ್ಣ ಮಾತಲ್ಲ. 1955ಕ್ಕೆ ಕಂಪನಿ ಮುಳುಗಿತು. ಸಾಲವನ್ನು ಆಕೆ ವರ್ಷಗಟ್ಟಲೆ ತೀರಿಸಿದಳು. ಸನ್ನಿ ಬಾಯ್ ಸಮಾಧಿಗೆ ಕಲ್ಲು ಹಾಕಿಸಿದ್ದೂ ಅವಳೇ. ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇವಳ ಮೇಲೆ.

ಕೊನೆಯದು ವೆಸ್ಟ್ ನಾರ್ತ್‌ಸೈಡ್ ರಸ್ತೆಯ ಮಲಾಕೋ. 1960ರ ದಶಕದ ಕೊನೆಗೆ ಟಾಮಿ ಕೌಚ್, ಮಿಚ್ ಮಲೂಫ್, ವುಲ್ಫ್ ಸ್ಟೀಫನ್‌ಸನ್ ಸೇರಿ ಹಳೇ ಪೆಪ್ಸಿ ಗೋದಾಮಿನಲ್ಲಿ ಹಾಕಿದ ಸ್ಟುಡಿಯೋ. 1970ರಲ್ಲಿ ನ್ಯೂ ಆರ್ಲಿಯನ್ಸಿನಿಂದ ಸಂಗೀತ ಸಂಯೋಜಕ ವಾರ್ಡೆಲ್ ಕೆಜರ್ಗ್ ಒಂದು ಶಾಲಾ ಬಸ್ಸಿನಲ್ಲಿ ಗಾಯಕರನ್ನು ತುಂಬಿಕೊಂಡು ಬಂದ. ಅವತ್ತು ಧ್ವನಿಮುದ್ರಿಸಿದ್ದರಲ್ಲಿ ಎರಡು ಹಾಡು, ಕಿಂಗ್ ಫ್ಲಾಯ್ಡ್‌ದು ಒಂದು, ಬೇಕರಿ ಕೆಲಸದ ಜೀನ್ ನೈಟ್‌ದು ಇನ್ನೊಂದು. ದೊಡ್ಡ ಕಂಪನಿಗಳು ಬೇಡ ಅಂದವು. ಫ್ಲಾಯ್ಡ್ ಹಾಡನ್ನು ಮಲಾಕೋ ತಾನೇ ಬಿಡುಗಡೆ ಮಾಡಿತು, ಓಡಿತು. ಆಗ ಬೇಡ ಅಂದಿದ್ದ ಸ್ಟ್ಯಾಕ್ಸ್‌ನವರೇ ಜೀನ್ ನೈಟ್ ಹಾಡನ್ನು ತಗೊಂಡರು. ಅದು ಲಕ್ಷಗಟ್ಟಲೆ ಮಾರಾಟವಾಯಿತು.

1975ರ ಕೊನೆಗೆ ಮಲಾಕೋ ಹತ್ತಿರವೂ ಕಾಸಿರಲಿಲ್ಲ. ಎರಡು ವರ್ಷದಿಂದ ಕಪಾಟಿನಲ್ಲಿ ಬಿದ್ದಿದ್ದ ಡೊರೊತಿ ಮೂರ್ ಹಾಡೊಂದನ್ನು ಸುಮ್ನೆ ಒಂದು ಕೈ ನೋಡೋಣ ಅಂತ ಬಿಟ್ಟರು. ಅದು ದೇಶದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಸ್ಟ್ಯಾಕ್ಸ್ ಮುಚ್ಚಿದ ಹೊತ್ತಿನಲ್ಲೇ ಇವರು ಬಚಾವಾದರು. ಮುಂದೆ ಕಂಪನಿಯನ್ನು ಕೈಹಿಡಿದದ್ದರಲ್ಲಿ ಗಾಸ್ಪೆಲ್ ಪಾಲು ದೊಡ್ಡದು. 1986ರಲ್ಲಿ ನ್ಯೂಜೆರ್ಸಿಯ ಹಳೇ ಕಂಪನಿ ಸವೋಯ್‌ನ ಗಾಸ್ಪೆಲ್ ಸಂಗ್ರಹವನ್ನೇ ಕೊಂಡರು. 1988ರಲ್ಲಿ ಫ್ರಾಂಕ್ ವಿಲಿಯಮ್ಸ್ ಕಟ್ಟಿದ ಮಿಸಿಸಿಪಿ ಮಾಸ್ ಕ್ವಾಯರ್‌ನ ಮೊದಲ ಆಲ್ಬಂ ಗಾಸ್ಪೆಲ್ ಪಟ್ಟಿಯಲ್ಲಿ 45 ವಾರ ಒಂದನೇ ಸ್ಥಾನದಲ್ಲಿತ್ತು. ಸೋಲ್ ಅಭಿರುಚಿ ಬದಲಾಗುತ್ತಲೇ ಇರುತ್ತದೆ. ಭಾನುವಾರ ಚರ್ಚಿಗೆ ಹೋಗುವವರು ಅಷ್ಟು ಬೇಗ ಬದಲಾಗುವುದಿಲ್ಲ.

2011ರ ಏಪ್ರಿಲ್ 15ರಂದು ಸುಂಟರಗಾಳಿ ಬಡಿದು ಸ್ಟುಡಿಯೋ, ಕಚೇರಿ ನೆಲಸಮವಾದವು. ಟೇಪುಗಳಿದ್ದ ಕಾಂಕ್ರೀಟ್ ಕೋಣೆ ಮಾತ್ರ ನಿಂತಿತು. ಅದೇ ವಿಳಾಸದಲ್ಲಿ ಮತ್ತೆ ಕಟ್ಟಿದ್ದಾರೆ. "ಟೇಪು ಯಾರ ಹೆಸರಲ್ಲಿದೆ?" ಅಂದ ಭಾವಮೈದ. ಅವರದೇ ಅಂದೆ. ಮೊದಲ ಸಲ ಅವನ ಮುಖದಲ್ಲಿ ಸಮಾಧಾನ ಕಂಡಿತು. ಇದು ಮ್ಯೂಸಿಯಂ ಅಲ್ಲ, ಕೆಲಸ ನಡೆಯುವ ಕಂಪನಿ. ಹಾಗಾಗಿ ಒಳಗೆ ಹೋಗುವ ಪ್ರಶ್ನೆ ಇರಲಿಲ್ಲ. ಬ್ಲೂಸ್ ಚರಿತ್ರೆಯ ಜಾಗಗಳಲ್ಲಿ ನೆಡುವ, ರಸ್ತೆ ಬದಿಯ ಬ್ಲೂಸ್ ಟ್ರೇಲ್ ಫಲಕವನ್ನು ಎರಡೂ ಕಡೆಯಿಂದ ಓದಿ, ಬಾಡಿಗೆ ಕಾರು ಒಪ್ಪಿಸಲು ಮೆಡ್ಗರ್ ಎವರ್ಸ್ ಹೆಸರಿನ ಏರ್‌ಪೋರ್ಟ್ ಕಡೆ ಹೊರಟೆವು. ದಾರಿಯಲ್ಲಿ ಅವನು ಫೋನಿನಲ್ಲಿ ಡೊರೊತಿ ಮೂರ್ ಹಾಡು ಹುಡುಕಿ ಹಾಕಿದ, ನಾನು ಹೇಳದೆಯೇ.